ಓಟದ ಕಾರಿನ ಕಣ್ಣಿಗೆ ಕುಂಕುಮ

ನಿಮ್ಮಮ್ಮ ಕಾರು ನಡೆಸುವಾಗ ಹಿಂದೆ ಕೂತು "ನಿಧಾನ, ನಿಧಾನ" ಎನ್ನುವ ನಾನು, ಅವಳು ಓಟದ ಕಾರು ಓಡಿಸಿದ್ದನ್ನೂ ಕಣ್ಣಾರೆ ಕಂಡವಳು.

ತೊಂಬತ್ತರ ದಶಕದಲ್ಲಿ ನಾವು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿದ್ದೆವು. ಅವಳು ವಡೋದರಾದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು, ನವರಾತ್ರಿಗೆ ಮನೆಗೆ ಬಂದಿದ್ದಳು. ನಿಮ್ಮಜ್ಜ ನಮ್ಮ ಫ್ಲಾಟುಗಳ ಸೊಸೈಟಿಯ ಹಿಂದಿನ ಶೆಡ್ಡಿನಲ್ಲಿ ಹಳೆಯ ಕಾರೊಂದನ್ನು ಓಟಕ್ಕೆ ಸಿದ್ಧ ಮಾಡಿದ್ದರು. ದಸರೆ ಕಳೆದ ಭಾನುವಾರ ವಡೋದರಾದ ಹೊರಗಿನ ಮಣ್ಣಿನ ಮೈದಾನದಲ್ಲಿ ಓಟ. ಓಡಿಸುವವಳು ನಿಮ್ಮಮ್ಮ. ನಡುವೆ ಇಂಜಿನ್ ನಿಂತರೆ ಅಲ್ಲಿಗೆ ಮುಗಿಯಿತು.

ಉಳಿದಿದ್ದು ಒಂದೇ ಜಗಳ. ಇಂಜಿನ್ನಿನೊಳಗೆ ಕಿಡಿ ಯಾವ ಗಳಿಗೆಗೆ ಹಾರಬೇಕೆಂದು ಯಾವುದು ಹೇಳಬೇಕು? ಕಾರಿನಲ್ಲಿ ಮೊದಲಿಂದ ಇದ್ದ ಪಾಯಿಂಟು, ಅಂದರೆ ತಟ್ಟಿ ಬಿಡುವ ಲೋಹದ ಸ್ವಿಚ್ಚು, ಓಟದ ವೇಗಕ್ಕೆ ತಡವರಿಸುತ್ತದೆ ಎಂಬುದನ್ನು ಅಪ್ಪ ಮಗಳಿಬ್ಬರೂ ಒಪ್ಪಿದ್ದರು. ಅಜ್ಜ ಆಯಸ್ಕಾಂತದ್ದನ್ನು ತಂದಿಟ್ಟಿದ್ದರು. ಹಲ್ಲಿನ ಚಕ್ರ ಅದರ ಮುಂದೆ ಹಾದಾಗೆಲ್ಲ ಒಂದು ಕಿಡಿ. ಅವಳಿಗೆ ಬೆಳಕಿನದೇ ಬೇಕು. ಅದರಲ್ಲಿ ಒಂದು ಪುಟ್ಟ ದೀಪ, ಎದುರಿಗೆ ಆ ಬೆಳಕನ್ನು ಗುರುತಿಸುವ ಒಂದು ಕಣ್ಣು, ನಡುವೆ ತಿರುಗುವ ಸೀಳುಗಳ ತಟ್ಟೆ. ಸೀಳಿನಲ್ಲಿ ಬೆಳಕು ಕಂಡಾಗ ಕಿಡಿ.

"ಅಪ್ಪಾ, ಬೆಳಕಿಗಿಂತ ಕರೆಕ್ಟಾಗಿರೋದು ಯಾವ್ದಿದೆ ಹೇಳಿ?"

"ಓಡ್ಸೋದು ಮಣ್ಣಲ್ಲಮ್ಮಾ, ನಿನ್ನ ಕಾಲೇಜಿನ ಲ್ಯಾಬಲ್ಲಲ್ಲ."

"ಮೇಲೆ ಮುಚ್ಚಳ ಇದ್ಯಲ್ಲ! ಓಡ್ಸೋಳು ನಾನು, ನಂದೇ ಹಾಕೋದು."

ಅಜ್ಜ ನನ್ನ ಕಡೆ ನೋಡಿದರು. ನಾನು ಹೂ ಕಟ್ಟುತ್ತಿದ್ದೆ, ತಲೆ ಎತ್ತಲಿಲ್ಲ. ಅವಳದ್ದೇ ಕೂತಿತು. ಇಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಅವಳ ಮುಖ ನೋಡಬೇಕಿತ್ತು!

ಮರುದಿನ ಆಯುಧಪೂಜೆ. ಸ್ಪ್ಯಾನರು, ಜ್ಯಾಕು, ನನ್ನ ಈಳಿಗೆಮಣೆ, ಎಲ್ಲಕ್ಕೂ ಕುಂಕುಮವಿಟ್ಟೆವು. ಕಾರಿಗೆ ಇಟ್ಟವಳು ಅವಳೇ. ತನ್ನ ಮುದ್ದಿನ ಸಾಮಾನಿಗೆ ಬೊಟ್ಟು ತಪ್ಪಬಾರದೆಂದು ಮುಚ್ಚಳ ತೆಗೆದು, ಆ ತಟ್ಟೆಗೂ ದೊಡ್ಡದೊಂದು ಬೊಟ್ಟಿಟ್ಟು ಮುಚ್ಚಿದಳು.

ವಿಜಯದಶಮಿಯ ಬೆಳಿಗ್ಗೆ ಪಕ್ಕದ ಫ್ಲಾಟಿನ ಗುಜರಾತಿ ಭಾಭಿ ನಮಗೆಂದು ಕಡಲೆಹಿಟ್ಟಿನ ಫಾಫಡಾ, ಜಿಲೇಬಿ ತಂದಾಗ ಕಾರು ಗುರ್ ಎನ್ನುವುದು, ನಿಲ್ಲುವುದು. ಒಂಬತ್ತು ದಿನ ತಾವೂ ಉಪವಾಸವಿದ್ದ ಆಕೆ ನಕ್ಕರು: "ಕ್ಯಾ ಬೇಟಾ, ಗಾಡಿ ಕಾ ಭೀ ವ್ರತ ಹೈ?" ಗಾಡಿಗೂ ಉಪವಾಸವೇ ಅಂತ.

ಮುಚ್ಚಳ ತೆಗೆದರೆ, ಒಣಗಿದ ಕುಂಕುಮ ಉದುರಿ ದೀಪದೆದುರಿನ ಆ ಕಣ್ಣಿನ ತುಂಬ ಕೆಂಪು. ಅಜ್ಜ ತುಟಿ ಬಿಗಿಹಿಡಿದು ನಗು ತಡೆದರು. ಅವಳು ಹಳೆಯ ಬನಿಯನ್ ಚೂರಿನಿಂದ ಒರೆಸಿದಳು. ಇಂಜಿನ್ ಮತ್ತೆ ಶುರುವಾಯಿತು. ಗೆದ್ದೆನೆಂದು ಕುಣಿಯುತ್ತಾಳೆ ಎಂದುಕೊಂಡೆ. ಅವಳು ಜಿಲೇಬಿ ಕಡಿಯುತ್ತ ಇಂಜಿನ್ನನ್ನೇ ನೋಡುತ್ತ ನಿಂತಳು. ಆಮೇಲೆ ತಾನೇ ಬಂದ್ ಮಾಡಿದಳು.

"ಒಂದು ಚಿಟಿಕೆ ಕುಂಕುಮಕ್ಕೇ ಹಿಂಗಾಡತ್ತೆ. ಭಾನುವಾರ ಅಷ್ಟು ಧೂಳು... ಸ್ಪ್ಯಾನರ್ ಕೊಡಿ ಅಪ್ಪಾ, ನಿಮ್ಮದೇ ಹಾಕೋಣ."

"ಅದಕ್ಕೂ ಬೊಟ್ಟು ಇಡ್ತೀಯೇನಮ್ಮಾ?"

"ಮುಚ್ಚಳದ ಮೇಲೆ!"

ಭಾನುವಾರ ನಾನು ಸೆರಗನ್ನು ಮೂಗಿಗೆ ಹಿಡಿದು ಹಗ್ಗದ ಬೇಲಿಯ ಬಳಿ ನಿಂತಿದ್ದೆ. ಧೂಳಿನಲ್ಲಿ ಕಾರು ಕಾಣದಿದ್ದರೂ ಅದರ ದನಿ ಒಮ್ಮೆಯೂ ತಡೆಯಲಿಲ್ಲ. ಅವಳು ಮೂರನೆಯವಳಾಗಿ ಬಂದಳು. ಇಳಿದಾಗ ಹುಬ್ಬು, ರೆಪ್ಪೆಯೆಲ್ಲ ಮಣ್ಣು. ಯಾರೆದುರೂ ಗಟ್ಟಿಯಾಗಿ ಮಾತಾಡದ ನಾನು ಅಷ್ಟು ಜನರ ನಡುವೆ ಅವಳ ಹೆಸರು ಹಿಡಿದು ಕೂಗಿದೆನಂತೆ. ಕೊನೆಯವರೆಗೂ ನಿಮ್ಮಜ್ಜ ಅದನ್ನು ಹೇಳಿ ನಗುತ್ತಿದ್ದರು.