ವಿಮಾನದ ಹೊಟ್ಟೆಯಡಿ ಕೆಂಪು ಕಲೆ

ಕರಾವಳಿಯ ನೌಕಾ ವಿಮಾನ ನೆಲೆಯಲ್ಲಿ ನಾನು ಹುಲ್ಲು ಕತ್ತರಿಸುವವರ ಮೇಸ್ತ್ರಿ. ಹುಲ್ಲು ಬೆಳೆದರೆ ಹಕ್ಕಿಗಳು ಬರುತ್ತವೆ, ಹಕ್ಕಿ ಬಂದರೆ ಇಂಜಿನ್ನಿಗೆ ಕಂಟಕ. ಸಮುದ್ರದೊಳಗೆ ಅಡಗಿದ ಪರದೇಶದ ಜಲಾಂತರ್ಗಾಮಿಯನ್ನು ಹುಡುಕುವುದು ಅಲ್ಲಿನ ವಿಮಾನಗಳ ಕೆಲಸ. ಹೀಗಾಗಿ ದೇಶದ ರಕ್ಷಣೆ ನನ್ನಿಂದಲೇ ನಡೆದಿದೆ ಎಂದು ರಜೆಗೆ ಹೋದಾಗ ನಮ್ಮೂರು ಹೇರೂರಿನಲ್ಲಿ ಕೊಚ್ಚಿಕೊಳ್ಳುತ್ತಿದ್ದೆ.

ನೆಲೆಯೊಳಗೆ ಎಲೆಯಡಿಕೆಯ ಕವಳ ನಿಷಿದ್ಧ. ಸಿದ್ದಾಪುರದವನಿಗೆ ಇದೆಂಥ ಕಾನೂನು? ಎಲೆ, ಅಡಿಕೆ, ಸುಣ್ಣ, ತಂಬಾಕನ್ನು ಕಾಲುಚೀಲದಲ್ಲಿ ಅಡಗಿಸಿ ದಿನವೂ ಗೇಟು ದಾಟುತ್ತಿದ್ದೆ. ಒಂದು ಬೆಳಿಗ್ಗೆ ಬಿಸಿಲು ತಾಳದೆ, ಯಾರೂ ಇಲ್ಲದ್ದು ನೋಡಿ, ವಿಮಾನದ ನೆರಳಿನಲ್ಲಿ ನಿಂತು ಕವಳ ಜಗಿಯುತ್ತಿದ್ದೆ. ಸಾಹೇಬರ ಜೀಪಿನ ಸದ್ದಾಯಿತು. ನುಂಗುವಂತಿಲ್ಲ. ಅಲ್ಲೇ ಉಗಿದು, ಸಂಭಾವಿತನ ಹಾಗೆ ಹುಲ್ಲಿನ ಕಡೆ ನಡೆದೆ.

ಅರ್ಧ ಗಂಟೆಯಲ್ಲಿ, ಹೊಟ್ಟೆಯಡಿ ಕೆಂಪು ಕಲೆ ಕಂಡಿತೆಂದು ಆ ವಿಮಾನದ ಹಾರಾಟವೇ ನಿಂತಿತು. ಅದರ ಕೊಳವೆಗಳಲ್ಲಿ ಹರಿಯುವ ಎಣ್ಣೆಯೂ ಕೆಂಪಂತೆ. ಎಲ್ಲೋ ಸೋರಿದೆ ಎಂದು, ಬೆಳಿಗ್ಗೆ ವಿಮಾನ ತಪಾಸಣೆ ಮಾಡಿದ್ದ ರಾಜಸ್ಥಾನದ ಮೆಕ್ಯಾನಿಕ್ ಒಂದೊಂದೇ ಮುಚ್ಚಳ ಬಿಚ್ಚತೊಡಗಿದ. ಅವನಿಗೆ ಮೂರು ದಿನದ ಹಿಂದೆ ಚೊಚ್ಚಲ ಮಗಳು ಹುಟ್ಟಿದ್ದಳು. ನೋಡಲು ಹೋಗಬೇಕಾದ ರೈಲು ಅಂದೇ ಸಂಜೆ.

ನನ್ನ ಜೊತೆ ಹುಲ್ಲು ಕತ್ತರಿಸುವ ಯಲ್ಲಾಪುರದವನು ಕಲೆಯನ್ನು ನೋಡಿದವನೇ ನನ್ನನ್ನು ಪಕ್ಕಕ್ಕೆ ಎಳೆದ.

“ಅದು ನಿನ್ನ ಕವಳ ಅಲ್ದಾ?”

“ಹೌದು ಮಾರಾಯ.”

“ಸುಮ್ನಿರು. ಬಾಯಿ ಬಿಟ್ರೆ ಗೇಟ್ ಪಾಸು ತಗತ್ತ, ಕೆಲ್ಸ ಹೋಗ್ತು.”

ಎರಡು ತಾಸು ಸುಮ್ಮನಿದ್ದೆ. ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ ತಡೆಯಲಾಗದೆ ಸಾಹೇಬರ ಕೋಣೆಗೆ ಹೋದೆ. ಮೆಕ್ಯಾನಿಕ್ ಅಲ್ಲಿ ಮೊದಲೇ ನಿಂತಿದ್ದ. “ತಪ್ಪು ನನ್ನದೇ ಸಾರ್. ಮನಸ್ಸು ಮನೆಯಲ್ಲಿತ್ತು. ಯಾವುದೋ ಜೋಡಣೆ ಬಿಗಿ ಮಾಡಿಲ್ಲ,” ಎನ್ನುತ್ತಿದ್ದ.

ನಾನು ನಡುವೆ ಬಾಯಿ ಹಾಕಿ ನಿಜ ಹೇಳಿದೆ. ಸಾಹೇಬರು ನಂಬಲಿಲ್ಲ. ಮನುಷ್ಯನ ಬಾಯಿಂದ ಅಷ್ಟು ಕೆಂಪು ಬರುವುದುಂಟೆ ಎಂದರು. ಕಾಲುಚೀಲದಿಂದ ಸಾಮಾನು ತೆಗೆದು, ಅವರೆದುರೇ ಕವಳ ಹಾಕಿ, ಬಿಳಿ ಹಾಳೆಯ ಮೇಲೆ ಸಾಕ್ಷಿ ಉಗಿದೆ. ಸರ್ಕಾರಿ ಕಚೇರಿಯಲ್ಲಿ ಅಪ್ಪಣೆ ಪಡೆದು ಉಗಿದವನು ನಾನೊಬ್ಬನೇ ಇರಬೇಕು. ಸಾಹೇಬರು ಕಳಿಸಿದವರು ವಿಮಾನದಡಿಯ ಕಲೆಯನ್ನು ಮೂಸಿ ಬಂದು, ಅದರಲ್ಲೂ ತಂಬಾಕಿನ ವಾಸನೆ ಇದೆಯೆಂದರು. ನನ್ನ ಪಾಸು ಒಂದು ತಿಂಗಳು ಅವರ ಮೇಜಿನ ಖಾನೆ ಸೇರಿತು.

ಹೊರಗೆ ಮೆಕ್ಯಾನಿಕ್ ಎದುರಾದ. ಬೈಯಲಿ ಎಂದು ತಲೆ ತಗ್ಗಿಸಿದೆ. ಅವನು ಬೈಯಲಿಲ್ಲ. “ತಪಾಸಣೆಯ ಹೊತ್ತಲ್ಲಿ ಮಗಳ ಫೋಟೋ ನೋಡುತ್ತ, ವಿಮಾನ ಹತ್ತುವ ಅಷ್ಟೂ ಜನರನ್ನು ಸಮುದ್ರಕ್ಕೆ ಬೀಳಿಸುತ್ತಿದ್ದೆ ಅಂದುಕೊಂಡೆ,” ಎಂದ. “ಕಲೆ ಕಂಡಾಗಿನಿಂದ ಅವಳ ಫೋಟೋ ನೋಡಲು ಧೈರ್ಯ ಬಂದಿಲ್ಲ.”

ಫೋನು ತೆಗೆದು, ನನ್ನ ಎದುರಿಗೇ ಮಗಳನ್ನು ನೋಡಿದ.