ಗೋಡೆಗೆ ನೀರು ಹಾಕಿದ ಅಣ್ಣ

ಪಕ್ಕದ ಮನೆಯವರು ಕಾಂಪೌಂಡ್ ಗೋಡೆ ಎತ್ತರಿಸುತ್ತಿದ್ದಾರೆ. ಇವತ್ತು ದೀಪಾವಳಿ ಪಾಡ್ಯ, ಕೆಲಸಕ್ಕೆ ರಜೆ. ಆದರೂ ಬೆಳಿಗ್ಗೆ ಗೋಡೆಗೆ ನೀರು ಬಿಡುವುದನ್ನು ತಪ್ಪಿಸಲಿಲ್ಲ. ಹಸಿ ಸಿಮೆಂಟಿನ ವಾಸನೆ ನಮ್ಮ ಕಡಿಯಾಳಿಯ ಜಗಲಿಯವರೆಗೂ ಬಂತು. ನಿಮಗೆ ಶಂಕರಪುರ ಮಲ್ಲಿಗೆ ಇಷ್ಟವಿರಬಹುದು. ನನಗೆ ಇದೇ ಪರಿಮಳ.

ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವನು ನಾನು. ಈಗಲೂ ಊಟ ಸ್ವಲ್ಪ ತಡವಾದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮುತ್ತೇನೆಂದು ಹೆಂಡತಿಯ ದೂರು.

ಕೆಲವು ವರ್ಷಗಳ ಹಿಂದೆ, ಉತ್ತರ ಕರ್ನಾಟಕದಿಂದ ಕೂಲಿಗೆ ಬಂದು ಮಣಿಪಾಲದ ಆಚೆ ತಗಡಿನ ಶೆಡ್ಡುಗಳಲ್ಲಿದ್ದವರಿಗೆ ನಮ್ಮ ಸಣ್ಣ ಸೇವಾ ಸಂಸ್ಥೆ ಮನೆ ಕಟ್ಟಲು ಹೊರಟಾಗ, ನಿಯಮ ಮಾಡಲು ಇಂಥ ನನ್ನನ್ನೇ ಕೂರಿಸಿದರು. ಮಾಡಿದೆ: ಮನೆ ಬೇಕಾದವರು ಎಲ್ಲರ ಮನೆಗೂ ದುಡಿಯಬೇಕು, ತಾವು ಅಥವಾ ತಮ್ಮ ಮನೆಯವರೇ ಬರಬೇಕು, ಕೂಲಿಯಾಳನ್ನು ಕಳಿಸುವಂತಿಲ್ಲ. ಎಷ್ಟು ಅಚ್ಚುಕಟ್ಟು ಎಂದು ನಾನೇ ಮೆಚ್ಚಿಕೊಂಡಿದ್ದೆ.

ಅಷ್ಟರಲ್ಲಿ, ಮನೆಗೆ ಹೆಸರು ಕೊಟ್ಟಿದ್ದ ಗಂಗವ್ವ ಬೇರೆಲ್ಲೋ ಕೂಲಿಗೆ ಹೋದಲ್ಲಿ ಜಾರಿಬಿದ್ದು ಕೈ ಮುರಿದುಕೊಂಡಳು. ಒಂಟಿ ಹೆಂಗಸು. ಅವಳ ಪಾಲಿಗೆ ದುಡಿಯುವವರು ಯಾರೂ ಇಲ್ಲ. ನಿಯಮದಂತೆ ಅವಳ ಮನೆ ಬೇರೆಯವರಿಗೆ ಹೋಗಬೇಕು.

ಸಭೆಯಲ್ಲಿ ನಾನು, "ಇವರಿಗೆ ವಿನಾಯಿತಿ ಕೊಡುವ" ಎಂದೆ.

"ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ ಅಂತ ಹೇಳಿದ್ದು ನೀವೇ ಅಲ್ವಾ ಸರ್?" ಎಂದರು ಕಾರ್ಯದರ್ಶಿ.

ಮುರಿದ ಕೈಯನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿಕೊಂಡು ಕೂತಿದ್ದ ಗಂಗವ್ವ ತಲೆಯೆತ್ತಿದಳು. "ಮನಿಯವ್ರು ಅಂದ್ರ ಅಣ್ಣನೂ ಆಗ್ತಾನೇನ್ರಿ?"

"ಆಗಬಹುದು. ಇದ್ದಾನಾ?" ಎಂದೆ.

"ಇಲ್ಲೇ ಕುಂತಾನಲ್ರಿ!" ಸರಿಯಿದ್ದ ಕೈ ನನ್ನತ್ತ ಬಂತು.

ಎಲ್ಲರೂ ನಕ್ಕರು. "ಇವರಿಂದ ಕಲ್ಲು ಎತ್ಲಿಕ್ಕೆ ಆಗ್ಲಿಕ್ಕುಂಟಾ ಮಾರಾಯ್ತಿ?" ಎಂದರು ಕಾರ್ಯದರ್ಶಿ.

"ಕಲ್ಲು ಯಾಕ್ರಿ? ಗೋಡಿಗೆ ಹೊತ್ತಿಗೆ ಸರಿಯಾಗಿ ನೀರು ಹಾಕೋರು ಬೇಕಲ್ರಿ. ಇವ್ರಷ್ಟು ಹೊತ್ತು ನೋಡೋರು ಊರಾಗ ಯಾರದಾರ?"

ಹಾಗೆ ನಾನು ನೀರು ಹಾಕುವವನಾದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗುವುದು, ಬಿಸಿಲಿಳಿದ ಮೇಲೆ ಮತ್ತೆ. ಹೊಸ ಗೋಡೆ ಬಾಯಾರಿದರೆ ಬಿರುಕು ಬಿಡುತ್ತದೆ. ಅದಕ್ಕೂ ನನ್ನಂತೆಯೇ ಹೊತ್ತು ತಪ್ಪಬಾರದು. ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. ಎಲ್ಲ ಮನೆಗೂ ಸಮನಾಗಿ ಹಾಕುತ್ತಿದ್ದೆ. ಗಂಗವ್ವನ ಗೋಡೆಗೆ ಮಾತ್ರ ಒಂದು ಕೊಡ ಹೆಚ್ಚು ಬೀಳುತ್ತಿತ್ತು. ಅದರ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ.

ಮನೆ ಅವಳದೇ ಆಯಿತು. ಮನೆಯೊಕ್ಕಲಿನ ದಿನ ಹೊಸ್ತಿಲಿಗೆ ಅಡ್ಡ ನಿಂತು, "ತವರುಮನಿ ಸೀರಿ ಎಲ್ಲಿ ಅಣ್ಣಾ?" ಎಂದಳು. ನಾನು ಬರಿಗೈಯಲ್ಲಿ ಹೋಗಿದ್ದೆ. ನನ್ನ ಹೆಂಡತಿ ಚೀಲದಿಂದ ಸೀರೆ ತೆಗೆದು, "ಇವರಿಗೆ ಗಂಟೆ ಒಂದು ಬಿಟ್ಟು ಬೇರೆಂತ ಗೊತ್ತುಂಟು?" ಎಂದಳು.

ದೀಪಾವಳಿಗೆ ಅಣ್ಣಂದಿರಿಗೆ ಆರತಿ ಬೆಳಗುವುದು ಗಂಗವ್ವನ ಕಡೆಯ ಪದ್ಧತಿ. ಇಷ್ಟು ವರ್ಷ ನಾನೇ ಅಲ್ಲಿಗೆ ಹೋಗುತ್ತಿದ್ದೆ. ಈ ಸಲ, "ತವರುಮನಿ ನೋಡಬೇಕು, ನಾನೇ ಬರ್ತೀನಿ" ಎಂದಿದ್ದಾಳೆ. ಊಟದ ಹೊತ್ತು ಮೀರಿತು, ಇನ್ನೂ ಬಂದಿಲ್ಲ.

"ಬಡಿಸ್ಲಾ?" ಎಂದು ಹೆಂಡತಿ ಒಳಗಿನಿಂದ ಕೇಳಿದಳು.

"ತಂಗಿ ಬರಲಿ" ಎಂದೆ.

ಹೆಂಡತಿ ಹೊರಗೆ ಬಂದು ನನ್ನ ಹಣೆ ಮುಟ್ಟಿ ನೋಡಿದಳು.