ಅತ್ತೆಗೆ ವಿನಾಯಿತಿ ಇಲ್ಲ

ಎಂಟನೇ ತರಗತಿಗೆ ನದಿಗಳ ಪಾಠ ಮಾಡುತ್ತಿದ್ದೆ. ಮೇಜಿನ ಮೇಲಿದ್ದ ಮೊಬೈಲು ಗುಂಯ್ ಎಂದಿತು. ನೋಡಬಾರದಿತ್ತು, ನೋಡಿದೆ. ಆದಾಯ ತೆರಿಗೆ ಇಲಾಖೆಯ ಮೆಸೇಜು. ನೀವು ತೋರಿಸಿದ ವಿನಾಯಿತಿಗಳನ್ನು ಇನ್ನೊಮ್ಮೆ ಪರಿಶೀಲಿಸಿಕೊಳ್ಳಿ, ತಪ್ಪಿದ್ದರೆ ತಿದ್ದಿ ಸಲ್ಲಿಸಿ ಎಂಬ ಅರ್ಥದ ಎರಡೇ ಸಾಲು. ಬೈಗುಳ ಇರಲಿಲ್ಲ, ಬೆದರಿಕೆಯೂ ಇರಲಿಲ್ಲ. ಆದರೂ ತುಂಗಭದ್ರೆ ಎಲ್ಲಿ ಹುಟ್ಟುತ್ತದೆ ಎನ್ನುವುದೇ ನನಗೆ ಮರೆತುಹೋಯಿತು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. "ಮುಂದಿನ ಪುಟ ಓದಿಕೊಳ್ರಿ" ಎಂದು ಕುರ್ಚಿಯಲ್ಲಿ ಕುಸಿದೆ.

ತಪ್ಪು ಇತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಮದುವೆಯಾದವಳಲ್ಲ. ಹನುಮಸಾಗರದಾಚೆ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರು, ಮನೆ ಕುಷ್ಟಗಿಯಲ್ಲಿ. ನನ್ನ ಜೊತೆ ತಮ್ಮನ ಮಗಳು ಇದ್ದಾಳೆ. ತಮ್ಮ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ಹುಡುಗಿಯನ್ನು ಒಂದನೇ ತರಗತಿಗೆ ಹಾಕುವ ವರ್ಷ ನಾನೇ ಹೋಗಿ ಕರೆತಂದೆ. ಸರ್ಕಾರಿ ಶಾಲೆಯ ಟೀಚರಾಗಿ ಹುಡುಗಿಯನ್ನು ಖಾಸಗಿ ಶಾಲೆಗೆ ಸೇರಿಸಿದೆ, ಬೈಯುವವರು ಬೈಯಲಿ. ಫೀ, ಪುಸ್ತಕ, ಯೂನಿಫಾರ್ಮು, ಹಲ್ಲು ನೋವು, ಎಲ್ಲ ನನ್ನದೇ. ಅವಳು ಈಗ ಏಳನೇ ತರಗತಿ.

ಹೆಸರು ಇಟ್ಟವಳೂ ನಾನೇ. ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಗ್ಗಿ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು. ಹಾಗೆ ಬಗ್ಗಿದಾಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ನನಗಂತೂ ಮೂರು ದಿನ ಮಗ್ಗಲು ಬದಲಿಸಲು ಆಗಲಿಲ್ಲ. ಈ ಕತೆ ಹುಡುಗಿಗೆ ಎಷ್ಟು ಇಷ್ಟವೆಂದರೆ, ಊಟಕ್ಕೆ ಕೂತಾಗ "ಅತ್ತಿ, ಎಷ್ಟು ಗುದ್ದು ಬಿದ್ದಿದ್ವು?" ಎಂದು ಕೇಳುತ್ತಲೇ ಇರುತ್ತಾಳೆ. ನಾನು ಒಮ್ಮೆ ಹನ್ನೊಂದು ಎನ್ನುತ್ತೇನೆ, ಒಮ್ಮೆ ಇಪ್ಪತ್ತು ಎನ್ನುತ್ತೇನೆ. ಅವಳು ನಗುತ್ತಾಳೆ.

ಇನ್ನು ತಪ್ಪಿನ ವಿಷಯ. ಮೇಷ್ಟ್ರುಗಳ ಲೋಕದಲ್ಲಿ ಫೆಬ್ರವರಿ ಪಗಾರ ಎಂದರೆ ಸೂತಕದ ಪಗಾರ. ವರ್ಷದ ತೆರಿಗೆ ಬಾಕಿಯೆಲ್ಲ ಆ ತಿಂಗಳಲ್ಲಿ ಮುರಿದುಕೊಳ್ಳುತ್ತಾರೆ. ಅದಕ್ಕೆ ಮೊದಲು ಪ್ರತಿ ಶಾಲೆಯಲ್ಲೂ ಒಬ್ಬರು ಇರುತ್ತಾರೆ, ಕಂಪ್ಯೂಟರ್ ಬಲ್ಲವರು, ಎಲ್ಲರ ಫಾರಂ ಅವರೇ ತುಂಬುವುದು. ನಮ್ಮಲ್ಲಿ ಗಣಿತದ ಮಾಸ್ತರು. ಆಗಿನ್ನೂ ಎಲ್ಲರೂ ಹಳೆಯ ಪದ್ಧತಿಯಲ್ಲೇ, ಮಕ್ಕಳ ಫೀ, ವಿಮೆ ತೋರಿಸಿ ವಿನಾಯಿತಿ ಪಡೆದು, ತೆರಿಗೆ ಕಟ್ಟುತ್ತಿದ್ದ ಕಾಲ. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರೂ ಮಕ್ಕಳ ಫೀ ರಸೀದಿ ತಂದು ಅವರ ಮುಂದೆ ಇಡುತ್ತಿದ್ದರು. ನನ್ನ ಹತ್ತಿರ ಎಲ್‌ಐಸಿಯ ಒಂದು ಕಾಗದ. ನನ್ನಷ್ಟೇ ಪಗಾರದವರಿಗಿಂತ ನನಗೇ ಹೆಚ್ಚು ಮುರಿಯಿತು.

ನನಗೆ ಸಿಟ್ಟು ಬೇಗ ಬರುತ್ತದೆ. "ಒಬ್ಬಾಕಿ ಇರೋದು ನನ್ನ ತಪ್ಪೇನ್ರಿ? ಎಲೆಕ್ಷನ್ ಡ್ಯೂಟಿ ನನಗs, ಜನಗಣತಿ ನನಗs, ಯಾಕಂದ್ರ ಮನಿ ಮಕ್ಕಳ ತಾಪತ್ರಯ ಇಲ್ಲಂತ. ಈಗ ಟ್ಯಾಕ್ಸೂ ನನಗs ಜಾಸ್ತಿ?" ಎಂದು ಕೂಗಾಡಿದೆ.

ಮಾಸ್ತರಿಗೆ ಮೂವರು ಹೆಣ್ಣುಮಕ್ಕಳು. ಅವರು ಕನ್ನಡಕದ ಮೇಲಿಂದ ನೋಡಿ, "ಮೇಡಂ, ನಾಳೆ ನೀವು ರಿಟೈರ್ ಆದ ಮ್ಯಾಲೆ ನಿಮ್ಮನ್ನ ನೋಡೋ ಡಾಕ್ಟರು, ಬಸ್ಸು ಹೊಡಿಯೋ ಡ್ರೈವರು, ಟ್ಯಾಕ್ಸ್ ಕಟ್ಟವರು ಎಲ್ಲಾ ನಮ್ಮ ಮಕ್ಕಳs. ಅವರನ್ನ ಸಾಕಾಕ ಸರ್ಕಾರದವರು ಇದೊಂದೀಟು ಟ್ಯಾಕ್ಸ್ ಬಿಟ್ಟಾರ" ಎಂದರು. ಮಾತು ನ್ಯಾಯವಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಆ ಮಕ್ಕಳಿಗೆ ದಿನಕ್ಕೆ ಐದು ಪೀರಿಯಡ್ ಗಂಟಲು ಹರಿದುಕೊಳ್ಳುವವಳು ಯಾರು ಮತ್ತೆ? ಮನೆಯಲ್ಲಿ ಒಬ್ಬಳನ್ನು ಸಾಕುತ್ತಿರುವವಳು ಯಾರು? ನನ್ನ ಪಗಾರವೂ ಯಾರೋ ಕಟ್ಟಿದ ತೆರಿಗೆಯೇ ಎಂಬುದು ಗೊತ್ತಿಲ್ಲದೆ ಅಲ್ಲ. ಆದರೆ ಸಿಟ್ಟಿನಲ್ಲಿ ಅದೆಲ್ಲ ನೆನಪಾಗುವುದಿಲ್ಲ.

ಆಗ ಮಾಸ್ತರು ಕರುಣೆಯಿಂದಲೇ ಹೇಳಿದರು. "ತಮ್ಮನ ಮಗಳ ಫೀ ನೀವs ಕಟ್ಟತೀರಲ್ರಿ? ರಸೀದಿ ಕೊಡ್ರಿ. ಅದರಾಗ ಹುಡುಗಿ ಹೆಸರು ಇರತೈತಿ, ಯಾರ ಮಗಳು ಅಂತ ಯಾರು ಕೇಳತಾರ?"

ಕೊಟ್ಟೆ. ಎರಡು ವರ್ಷ ಕೊಟ್ಟೆ. ಸ್ವಂತ ಮಕ್ಕಳ ಫೀಗೆ ಮಾತ್ರ ವಿನಾಯಿತಿ ಎಂದು ಗೊತ್ತಿದ್ದೂ ಕೊಟ್ಟೆ. ಮೊದಲ ಸಲ ಆ ಫಾರಂನಲ್ಲಿ ಮಕ್ಕಳ ಶಿಕ್ಷಣ ಶುಲ್ಕ ಎಂಬ ಸಾಲಿನ ಎದುರು ನನ್ನದೂ ಒಂದು ಅಂಕಿ ಕಂಡಾಗ, ಸುಳ್ಳು ಹೇಳಿದೆ ಅನ್ನಿಸಲಿಲ್ಲ. ಖುಷಿಯಾಯಿತು. ದುಡ್ಡು ಉಳಿಯಿತೆಂದಲ್ಲ. ಆ ಖುಷಿಯ ಬಗ್ಗೆ ಇವತ್ತಿಗೂ ನಾಚಿಕೆಯಿದೆ.

ಮೆಸೇಜು ಬಂದ ಮೇಲೆ ನನ್ನ ಬದುಕು ಹದಗೆಟ್ಟಿತು. ಶಾಲೆಯ ಮುಂದೆ ಕಾರು ನಿಂತರೆ ಪಾಠ ಬಿಟ್ಟು ಕಿಟಕಿಯಿಂದ ಇಣುಕುತ್ತಿದ್ದೆ. ಒಂದು ದಿನ ಕೈಯಲ್ಲಿ ಫೈಲು ಹಿಡಿದ ಅಪರಿಚಿತರೊಬ್ಬರು ನೇರ ನನ್ನ ಕಡೆಗೇ ಬಂದರು. ನಾನು ಲೈಬ್ರರಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವರು ಬಿಸಿಯೂಟದ ಮೊಟ್ಟೆ ಎಣಿಸಲು ಬಂದವರು. ಇನ್ನೊಂದು ದಿನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. "ಅವರು ಊರಾಗಿಲ್ರಿ" ಎಂದು ನನ್ನ ಫೋನಿನಲ್ಲಿ ನಾನೇ ಹೇಳಿದೆ. ಆ ಕಡೆಯ ಹುಡುಗಿ ಕ್ರೆಡಿಟ್ ಕಾರ್ಡ್ ಮಾರುವವಳು.

ಈಗ ಬರೆಯುವಾಗ ನಗು ಬರುತ್ತದೆ, ಆಗ ಬರಲಿಲ್ಲ. ನೌಕರಿ ಹೋದರೆ? ಸಸ್ಪೆಂಡ್ ಆದರೆ? ಪೇಪರಿನಲ್ಲಿ ಬಂದರೆ? ಗಂಡನಿದ್ದವಳಿಗೆ ಗಂಡನ ಪಗಾರವಾದರೂ ಇರುತ್ತದೆ, ಬೈದರೂ ಜೊತೆಗೆ ಕೂತು ಬೈಯುತ್ತಾನೆ. ನನಗೆ ಬಂದದ್ದೆಲ್ಲ ನನಗೊಬ್ಬಳಿಗೇ. ಹೆಚ್ಚು ಕಟ್ಟಿದ ತೆರಿಗೆಗಿಂತ ಅದೇ ಭಾರ ಎಂದು ಆ ದಿನಗಳಲ್ಲಿ ತಿಳಿಯಿತು.

ಫೀ ರಸೀದಿಗಳನ್ನು ಬೀರುವಿನಲ್ಲಿಡಲು ಹೆದರಿ, ಕವರಿಗೆ ಹಾಕಿ ಜೋಳದ ಡಬ್ಬಿಯಲ್ಲಿ ಹುಗಿದಿಟ್ಟೆ. ಭಾನುವಾರ ಹುಡುಗಿ ಹಿಟ್ಟಿನ ಗಿರಣಿಗೆ ಒಯ್ಯಲು ಜೋಳ ತುಂಬುತ್ತಿದ್ದವಳು ಕವರು ಹಿಡಿದುಕೊಂಡು ಬಂದಳು.

"ಅತ್ತಿ, ಇದರಾಗೆಲ್ಲಾ ನನ್ನ ಹೆಸರು ಐತಿ. ಜ್ವಾಳದಾಗ ಯಾಕ ಇಟ್ಟಿ?"

ಸುಳ್ಳು ಹೇಳಬಹುದಿತ್ತು. ಆದರೆ ಹೇಳಿಬಿಟ್ಟೆ. ಅವಳು ಅಡುಗೆಮನೆ ಹೊಸ್ತಿಲ ಮೇಲೆ ಕೂತು ಪೂರ್ತಿ ಕೇಳಿದಳು.

"ಅಂದ್ರ ನಾ ನಿನ್ನ ಮಗಳು ಅಂತ ಬರದೀದಿ?"

"ಹೂಂ."

"ಅದು ತಪ್ಪು?"

"ಕಾಯ್ದೆ ಪ್ರಕಾರ ತಪ್ಪು."

ಅವಳು ಕವರು ನನ್ನ ಕೈಗಿಟ್ಟು ಜೋಳ ಹೊತ್ತುಕೊಂಡು ಗಿರಣಿಗೆ ಹೋದಳು. ಅವಳು ಬರುವತನಕ ನಾನು ಬಾಗಿಲಲ್ಲೇ ನಿಂತಿದ್ದೆ.

ಸೋಮವಾರ ಮೆಸೇಜಿನ ವಿಷಯ ಹೇಳಿದಾಗ ಮಾಸ್ತರು ಇನ್ನೊಂದು ದಾರಿ ತೋರಿಸಿದರು. ಅವರಿಗೂ ಭಯವಾಗಿತ್ತು, ಫಾರಂ ತುಂಬಿದ್ದು ಅವರೇ ತಾನೆ. "ದತ್ತಕ ಪತ್ರ ಮಾಡಿಸಿಬಿಡ್ರಿ ಮೇಡಂ. ತಮ್ಮ ಸಹಿ ಮಾಡತಾನ. ತಾರೀಖು ಹಿಂದಿಂದು ಹಾಕಿಸೋಣ. ಮುಗೀತು, ನಿಮ್ಮ ಮಗಳs ಆದ್ಲು." ಅಂಜಿದವರಿಗೆ ಯಾವ ದಾರಿಯೂ ಹೆದ್ದಾರಿಯಂತೆ ಕಾಣುತ್ತದೆ. ಮರುದಿನವೇ ರಜೆ ಹಾಕಿ ಒಬ್ಬಳೇ ಕಾರಟಗಿಯ ಬಸ್ಸು ಹತ್ತಿದೆ.

ತಮ್ಮ ಗಿರಣಿಯಿಂದ ತೌಡು ಮೆತ್ತಿದ ಮೈಯಲ್ಲೇ ಬಂದ. ನಾನು ಹೇಳಿ ಮುಗಿಸುವ ಮೊದಲೇ, "ಎಲ್ಲಿ ಸಹಿ ಮಾಡಬೇಕು ಹೇಳಕ್ಕ. ಹುಡುಗಿ ನಿಂದs ಐತಿ" ಎಂದ. ಅಷ್ಟು ಸಲೀಸಾಗಿ ಅವನು ಹೇಳಿದ್ದು ನನಗೂ ಒಂದು ಕ್ಷಣ ಹಿತವಾಯಿತು.

ಅವನ ಹೆಂಡತಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನನ್ನೆದುರು ಯಾವತ್ತೂ ಜೋರಾಗಿ ಮಾತಾಡಿದವಳಲ್ಲ. ಮೊರ ಕೆಳಗಿಟ್ಟು, ತಲೆ ಎತ್ತದೆ ಕೇಳಿದಳು.

"ಅಕ್ಕಾರ, ಟ್ಯಾಕ್ಸಿನ ಕೆಲಸ ಮುಗಿದ ಮ್ಯಾಲೆ ತಿರುಗಿ ಕೊಡತೀರೇನ್ರಿ?"

ತಮ್ಮ ಅವಳನ್ನು ಗದರಿಸಲು ಹೋದ. ನಾನು ಅವನ ಕೈ ಹಿಡಿದು ತಡೆದೆ. ಅವಳ ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ, ಹೆದರಿಕೆ. ಆರು ವರ್ಷದ ಮಗುವನ್ನು ಕಳಿಸಿಕೊಟ್ಟ ದಿನದಿಂದಲೂ ಅವಳು ಆ ಹೆದರಿಕೆ ಇಟ್ಟುಕೊಂಡೇ ಬದುಕಿದ್ದಾಳೆ ಎಂದು ನನಗೆ ಆವತ್ತು ತಿಳಿಯಿತು. ಒಂದು ಮೆಸೇಜಿಗೆ ಹದಿನೈದು ದಿನ ಅಂಜಿದ್ದಕ್ಕೇ ನಾನು ಅವಳ ಮಗಳನ್ನು ಬರೆಸಿಕೊಳ್ಳಲು ಬಂದಿದ್ದೆ. "ಇಲ್ಲವ್ವ, ಯಾವ ಪತ್ರಾನೂ ಬ್ಯಾಡ" ಎಂದೆ. ಅವಳು ಮೊರ ಎತ್ತಿಕೊಂಡಳು, ಆದರೆ ಬಹಳ ಹೊತ್ತು ಕೇರಲಿಲ್ಲ.

ಮುಂದಿನ ಶನಿವಾರ ಕೊಪ್ಪಳಕ್ಕೆ ಹೋದೆ. ಭಾಗ್ಯನಗರದ ರಸ್ತೆಯಲ್ಲಿ ಒಂದು ಅಂಗಡಿಯ ಮಾಳಿಗೆಯ ಮೇಲೆ ತೆರಿಗೆ ಕಾಗದ ಮಾಡಿಕೊಡುವ ಹಿರಿಯ ಸಾಹೇಬರೊಬ್ಬರಿದ್ದಾರೆ ಎಂದು ಯಾರೋ ಹೇಳಿದ್ದರು. ಹುಡುಗಿ ನಾನೂ ಬರುತ್ತೇನೆಂದು ಹಟ ಹಿಡಿದಳು. ಬೇಡವೆಂದರೂ ಬಂದು ಬಸ್ಸಿನಲ್ಲಿ ಕೂತಳು.

ಸಾಹೇಬರು ನನ್ನ ಕಾಗದಗಳನ್ನು ಬೆರಳಿಗೆ ಉಗುಳು ಹಚ್ಚಿ ಒಂದೊಂದಾಗಿ ತಿರುವಿದರು. "ಘಾಬರಿ ಆಗಬ್ಯಾಡ್ರಿ. ಗಲತ್ ಆಗೇತಿ, ತಿದ್ದೋಣ. ಎರಡೂ ವರ್ಷದ ಬಾಕಿ ಕಟ್ಟಬೇಕು, ಮ್ಯಾಲೆ ಒಂದಿಷ್ಟು ದಂಡ. ನೌಕರಿಗೇನೂ ಆಗೂದಿಲ್ಲ" ಎಂದರು. ಇಷ್ಟು ದಿನ ಈ ಒಂದು ಮಾತಿಗಾಗಿ ಕಾದಿದ್ದೆ. ಆದರೆ ಉಸಿರು ಬಿಡುವ ಮೊದಲೇ ಅವರು ಕಂಪ್ಯೂಟರಿನಿಂದ ಮುಖ ತಿರುಗಿಸಿ ಕೇಳಿದರು.

"ಒಂದು ಪಕ್ಕಾ ಹೇಳ್ರಿ. ನಿಮಗ ಮಕ್ಕಳು ಅದಾವೇನು?"

ಹುಡುಗಿ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಇಷ್ಟು ದಿನ ನಾನು ಅಂಜಿದ್ದು ಇಲಾಖೆಗೆ ಎಂದುಕೊಂಡಿದ್ದೆ. ಅಲ್ಲ. ಈ ಪ್ರಶ್ನೆಗೆ, ಇವಳ ಎದುರಿಗೆ. ಗೋಡೆಯ ಕ್ಯಾಲೆಂಡರ್ ನೋಡಿದೆ, ಫ್ಯಾನ್ ನೋಡಿದೆ.

"ಇಲ್ರಿ" ಎಂದೆ.

"ಈಕಿ?"

"ತಮ್ಮನ ಮಗಳು."

"ಹಾಂ. ಸೋದರತ್ತಿಗೆ ಇದರಾಗ ಜಾಗ ಇಲ್ರಿ" ಎಂದು ಅವರು ಮೆತ್ತಗೆ ಹೇಳಿ, ಕೀಲಿ ಒತ್ತಿದರು. ಆ ಸಾಲಿನಲ್ಲಿದ್ದ ಅಂಕಿ ಹೋಗಿ ಸೊನ್ನೆ ಬಂತು.

ನನ್ನ ಮೊಬೈಲಿಗೆ ಓಟಿಪಿ ಬಂತು. ನಾನು ಕನ್ನಡಕ ಹುಡುಕುವುದರೊಳಗೆ ಹುಡುಗಿ ಫೋನು ತೆಗೆದುಕೊಂಡಳು. ಒಂದೊಂದೇ ಅಂಕಿಯನ್ನು, ಶಾಲೆಯಲ್ಲಿ ಪಾಠ ಒಪ್ಪಿಸುವಂತೆ, ಸ್ಪಷ್ಟವಾಗಿ ಓದಿ ಹೇಳಿದಳು. ಎರಡನೇ ವರ್ಷದ್ದಕ್ಕೂ ಅವಳೇ ಓದಿದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿಯತೊಡಗಿದೆ. ನಾನು ಮುಂದೆ, ಅವಳು ಹಿಂದೆ. ಏನಾದರೂ ಮಾತಾಡಲಿ ಎಂದು ಕಾಯುತ್ತಿದ್ದೆ. ಇನ್ನು ಕಾರಟಗಿಗೆ ಹೋಗುತ್ತೇನೆ ಅಂದುಬಿಟ್ಟರೆ ಎಂದು ತಿರುಗಿ ನೋಡದೆ ಇಳಿದೆ. ಕೊನೆಯ ಮೆಟ್ಟಿಲು ಬಂದಾಗ ನನ್ನ ಬೆನ್ನಿಗೆ ಧಪ್ ಎಂದು ಒಂದು ಗುದ್ದು ಬಿತ್ತು. ಆಟದ ಗುದ್ದಲ್ಲ. ಮುಷ್ಟಿ ಕಟ್ಟಿ, ಇದ್ದಬದ್ದ ಬಲ ಹಾಕಿ ಹೊಡೆದದ್ದು. ಗೋಡೆ ಹಿಡಿದು ನಿಂತೆ.

"ಯಾಕವ್ವ?"

ಅವಳ ಕಣ್ಣು ತುಂಬಿತ್ತು.

"ಹೆಸರು ಇಟ್ಟಿದ್ದಕ್ಕ ಊರ ಹೆಣ್ಮಕ್ಕಳೆಲ್ಲಾ ಗುದ್ದು ಕೊಟ್ಟಿದ್ರು. ಇವತ್ತು ಆ ಹೆಸರಿಗೆ ಗೀಟು ಹೊಡದಿದ್ದಕ್ಕ ಯಾರು ಕೊಡಬೇಕು?"

ಚೀಲ ಕೆಳಗಿಟ್ಟು, ರಸ್ತೆಯ ಜನ ನೋಡುತ್ತಿದ್ದರೂ ಲಕ್ಷ್ಯವಿಲ್ಲದೆ, ತೊಟ್ಟಿಲ ಮುಂದೆ ಬಗ್ಗಿದ ಹಾಗೆಯೇ ಬಗ್ಗಿದೆ. "ಇನ್ನೊಂದು ಹಾಕು" ಎಂದೆ.

ಅವಳು ಹಾಕಲಿಲ್ಲ. ಹೊಡೆದ ಜಾಗದ ಮೇಲೆ ಅಂಗೈ ಇಟ್ಟು ತಿಕ್ಕಿದಳು. ಆಮೇಲೆ ನನ್ನ ಚೀಲ ಎತ್ತಿಕೊಂಡು, "ಬಾ, ಕುಷ್ಟಗಿ ಬಸ್ ಹೋಗತೈತಿ" ಎಂದಳು.